ಅರ್ಧಾಯುಷ್ಮಾನ್ ಭವ

ನಮ್ಮನೆಯವರು ವಿಜ್ಞಾನಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಅರ್ಧ ಜನ ಇವತ್ತಿಗೂ ಅವರನ್ನು ವಿಜ್ಞಾನಿ ಅಂದುಕೊಂಡಿದ್ದಾರೆ, ಇನ್ನರ್ಧ ಜನ ಸೈಕಲ್ ರಿಪೇರಿಯವರು ಅಂದುಕೊಂಡಿದ್ದಾರೆ. ಎರಡೂ ಸುಳ್ಳು. ಎರಡಕ್ಕೂ ಕಾರಣ ಅವರ ಬಾಯಿ.

ಹೆಸರು ಜಗನ್ನಾಥ. ಗ್ರೇಟರ್ ನೋಯ್ಡಾ ಕಡೆ ಅವರ ಕಂಪನಿ. ಅಲ್ಲಿ ಸೈಕ್ಲೋಟ್ರಾನ್ ಅಂತ ಒಂದು ದೊಡ್ಡ ಯಂತ್ರ ಇದೆ. ಮೈಯಲ್ಲಿ ಕ್ಯಾನ್ಸರ್ ಇದೆಯೋ ಇಲ್ಲವೋ ಅಂತ ನೋಡುವ ಸ್ಕ್ಯಾನಿಗೆ ಒಂದು ಔಷಧಿ ಚುಚ್ಚುತ್ತಾರಲ್ಲ, ಅದು ಈ ಯಂತ್ರದಿಂದಲೇ ಆಗಬೇಕು. ದಿನಾ ಬೆಳಗಿನ ಜಾವ ತಯಾರಾಗಿ, ಸೀಸದ ಡಬ್ಬಿಯೊಳಗೆ ಕೂತು, ವ್ಯಾನು ಹತ್ತಿ ದೆಹಲಿ ಸುತ್ತಮುತ್ತಲಿನ ಆಸ್ಪತ್ರೆಗಳಿಗೆ ಓಡುತ್ತದೆ. ಆ ಡಬ್ಬಿಗಳ ಮೇಲೆ ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ ತಯಾರಾಯಿತು, ಎಷ್ಟರೊಳಗೆ ಚುಚ್ಚಬೇಕು ಅಂತ ಬರೆದು ಚೀಟಿ ಅಂಟಿಸುವವರು ನಮ್ಮನೆಯವರು. ಹದಿನಾಲ್ಕು ವರ್ಷದಿಂದ ಅಂಟಿಸುತ್ತಿದ್ದಾರೆ. ಯಂತ್ರವನ್ನು ಒಂದು ಸಲವೂ ಕಣ್ಣಾರೆ ಕಂಡವರಲ್ಲ. ಅದು ಎರಡು ಮೀಟರ್ ದಪ್ಪದ ಕಾಂಕ್ರೀಟ್ ಗೋಡೆಯ ಆಚೆ, ಇವರು ಈಚೆ.

ಆದರೆ ಯಾರಾದರೂ "ಏನ್ ಸಾರ್ ಕೆಲಸ?" ಅಂತ ಕೇಳಲಿ, "ಚೀಟಿ ಅಂಟಿಸ್ತೀನಿ" ಅನ್ನುವುದಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ನಾನು ಸೈಕ್ಲೋಟ್ರಾನಲ್ಲಿದೀನಿ" ಅನ್ನುತ್ತಾರೆ.

ಈ ಮಾತನ್ನು ಒಂದು ದಿನ ಲಿಫ್ಟಿನಲ್ಲಿ ಕಿಶನ್ ತ್ಯಾಗಿಯವರಿಗೆ ಹೇಳಿದರು. ತ್ಯಾಗಿ ನಮ್ಮ ಸೊಸೈಟಿಯ ಸೆಕ್ರೆಟರಿ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು.

"ಅಚ್ಛಾ! ಸೈಕಲ್!" ಅಂದರು ತ್ಯಾಗಿ. "ಬಹುತ್ ಅಚ್ಛಾ ಕಾಮ್ ಹೈ, ಜಗನ್ನಾಥ್ ಜೀ."

"ಸೈಕಲ್ ನಹೀ, ಸೈಕ್ಲೋ..." ಅನ್ನುವಷ್ಟರಲ್ಲಿ ಲಿಫ್ಟ್ ನೆಲಕ್ಕೆ ಬಂತು, ತ್ಯಾಗಿ ಹೊರಟೇಹೋದರು.

ಮುಂದಿನ ಭಾನುವಾರ ನೋಡುತ್ತೇನೆ, ಗೇಟಿನ ಪಕ್ಕದಲ್ಲಿರುವ ನಮ್ಮ ಪಾರ್ಕಿಂಗ್ ಜಾಗದಲ್ಲಿ ಹನ್ನೊಂದು ಸೈಕಲ್. ಒಂದಕ್ಕೆ ಚೈನಿಲ್ಲ, ಒಂದಕ್ಕೆ ಸೀಟಿಲ್ಲ, ಒಂದಕ್ಕೆ ಮೂರು ಚಕ್ರ ಇರಬೇಕಾದ ಕಡೆ ಎರಡೇ ಇವೆ. ನಡುವೆ ತ್ಯಾಗಿಯವರ ತಂದೆಯ ಕಾಲದ ಕಪ್ಪು ಸೈಕಲ್ಲೂ ಒಂದು, ಹಿಂದೆ ಮಂಚದಷ್ಟು ಅಗಲದ ಕ್ಯಾರಿಯರ್. ಗೋಡೆಯ ಮೇಲೆ ಹಿಂದಿಯಲ್ಲಿ ನೋಟಿಸು: ಕೆಟ್ಟ ಸೈಕಲ್ಲುಗಳಿಗೆ ಜಗನ್ನಾಥ್ ಜೀ, ಸಿ-೧೧೦೪ ಇವರನ್ನು ಕಾಣಿರಿ.

"ರೀ, ನಿಮ್ಮ ಸೈಕ್ಲೋಟ್ರಾನ್ ಮನೆಗೇ ಬಂದಿದೆ ನೋಡಿ" ಅಂದೆ.

ಇವರ ಮುಖ ನೋಡಬೇಕಿತ್ತು. ಕೋಪ ಬಂದರೆ ಇವರಿಗೆ ಮಾತು ನಿಂತುಹೋಗುತ್ತದೆ, ಕೈ ಮಾತ್ರ ಓಡಾಡುತ್ತದೆ. ಓಡಾಡುವ ಕೈಗೆ ಯಾರೋ ಸ್ಪಾನರ್ ಕೊಟ್ಟರು. ಸಂಜೆಯೊಳಗೆ ಕಪ್ಪು ಸೈಕಲ್ ಸರಿಹೋಗಿತ್ತು. ಅಲ್ಲಿಗೆ ಮುಗಿಯಿತು ಮಾನ. ಮರುದಿನದಿಂದ ಮನೆ ಬೆಲ್ಲು ಬಿಡುವಿಲ್ಲದೆ ಹೊಡೆಯಿತು. ನಮ್ಮ ಮಗಳು ಕೃತಿಯಾದರೂ ಅಪ್ಪನ ಕಡೆ ನಿಲ್ಲಬಾರದೇ? ದೆಹಲಿಯಲ್ಲಿ ಹುಟ್ಟಿದ ಮಗು, ಅದರದೇ ಒಂದು ಭಾಷೆ. "ಪಪ್ಪಾ, ಪ್ಲೀಸ್, ಮೇರೀ ಫ್ರೆಂಡ್ ಕಾ ಬ್ರೇಕ್ ಭೀ ನೋಡ್ತೀಯಾ?" ಅಂತು.

"ಆಯ್ತು" ಅಂದರು ಇವರು, ಹಲ್ಲು ಕಡಿದು. "ಸೈಕ್ಲೋಟ್ರಾನ್ ಅಂದ್ರೇನು ಅಂತ ಈ ಊರಿಗೆ ನಾನೇ ಹೇಳ್ತೀನಿ. ಭಾಷಣ ಮಾಡ್ತೀನಿ."

ಭಾಷಣಕ್ಕೆ ವೇದಿಕೆ ಸಿದ್ಧವೇ ಇತ್ತು. ನಮ್ಮ ಕನ್ನಡ ಬಳಗ ತಿಂಗಳಿಗೊಂದು ಭಾನುವಾರ ಸೊಸೈಟಿಯ ಸಭಾಂಗಣದಲ್ಲಿ ಸೇರುತ್ತದೆ. ಬಳಗದ ಅಧ್ಯಕ್ಷರು ಬಸವರಾಜ ಮೇಷ್ಟ್ರು. ಮುನಿರ್ಕಾದ ಕಡೆ ಯೂನಿವರ್ಸಿಟಿಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರದೊಂದು ಕಟ್ಟುನಿಟ್ಟು: ಬಳಗದ ವೇದಿಕೆಯ ಮೇಲೆ ಇಂಗ್ಲಿಷ್ ಪದ ಬರಕೂಡದು. ಬಂದರೆ ಅವರ ಕೈಯಲ್ಲಿರುವ ಪೂಜೆಯ ಗಂಟೆ "ಠಣ್" ಅನ್ನುತ್ತದೆ. ಹತ್ತು ಠಣ್ ಆದರೆ ಭಾಷಣ ಬಂದ್, ಎಲ್ಲರೂ ಉಪ್ಪಿಟ್ಟಿಗೆ ಏಳುತ್ತಾರೆ. ಇಲ್ಲಿಯವರೆಗೆ ಯಾರ ಭಾಷಣವೂ ಪೂರ್ತಿಯಾಗಿಲ್ಲ ಅನ್ನುವುದು ಬಳಗದ ಜನಪ್ರಿಯತೆಗೆ ಮುಖ್ಯ ಕಾರಣ.

ಇವರು ಒಂದು ವಾರ ನಿಘಂಟು ಹಿಡಿದು ಕೂತರು. ಅಡುಗೆಮನೆಗೆ ಬಂದು, "ವೈಜೂ, ಹಾಫ್ ಲೈಫಿಗೆ ಕನ್ನಡ ಸಿಕ್ತು ಕಣೇ! ಅರ್ಧಾಯುಷ್ಯ!" ಅಂತ ಕುಣಿದರು. ನನಗೇನು ಗೊತ್ತು, ಅದೇ ನಮ್ಮ ಕುತ್ತಿಗೆಗೆ ಬರುತ್ತದೆ ಅಂತ. ಚೆನ್ನಾಗಿದೆ ಅಂದೆ.

ಆ ಭಾನುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಶಾರದಮ್ಮ ಕೂತಿದ್ದರು, ಪಕ್ಕದಲ್ಲಿ ಮಗಳು ಧಾರಿಣಿ. ಶಾರದಮ್ಮ ನಮ್ಮ ಟವರಿನಲ್ಲೇ ಒಂಬತ್ತನೇ ಮಹಡಿಯವರು. ಅರವತ್ತೆಂಟು ವಯಸ್ಸು. ಎದೆಯಲ್ಲಿ ಗಂಟು ಕಂಡು, ಆಪರೇಷನ್ ಆಗಿ, ಆರು ತಿಂಗಳು ಔಷಧಿ ಏರಿಸಿಕೊಂಡು ಎದ್ದು ಕೂತಿದ್ದರು. ಉದುರಿದ ಕೂದಲು ಈಗ ಒಂದು ಬೆರಳುದ್ದ ಬಂದಿತ್ತು. ಅದನ್ನು ಸವರಿಕೊಂಡು "ಹುಲ್ಲು ಚಿಗುರ್ತಿದೆ ಕಣೇ" ಅಂತ ನಗುವ ಹೆಂಗಸು. ಬುಧವಾರ ಅವರಿಗೆ ಸ್ಕ್ಯಾನ್ ಇತ್ತು. ರೋಗ ಪೂರ್ತಿ ಹೋಗಿದೆಯೋ, ಎಲ್ಲಾದರೂ ಮೂಲೆಯಲ್ಲಿ ಅಡಗಿದೆಯೋ ಅಂತ ಅದರಲ್ಲೇ ಗೊತ್ತಾಗಬೇಕು. ಅಮ್ಮನಿಗೆ ಧೈರ್ಯ ಬರಲಿ ಅಂತಲೇ ಧಾರಿಣಿ ಭಾಷಣಕ್ಕೆ ಕರೆದುಕೊಂಡು ಬಂದಿದ್ದಳು.

ನಮ್ಮನೆಯವರು ಎದ್ದು ನಿಂತರು. "ಮಾನ್ಯರೇ, ಸೈಕ್ಲೋಟ್ರಾನ್ ಎಂದರೆ..."

ಠಣ್!

"ಮೇಷ್ಟ್ರೇ, ಅದು ಯಂತ್ರದ ಹೆಸರು!"

"ಕನ್ನಡದಲ್ಲಿ ಹೇಳಿ."

"ಆ ಯಂತ್ರ," ಅಂದರು ಇವರು, ಬೆವರೊರೆಸಿಕೊಂಡು. "ಆ ಯಂತ್ರದಲ್ಲಿ ಒಂದು ದೊಡ್ಡ ಅಯಸ್ಕಾಂತ ಇರುತ್ತೆ. ಒಳಗೆ ಅರ್ಧಚಂದ್ರಾಕಾರದ ಎರಡು ಟೊಳ್ಳು ಪೆಟ್ಟಿಗೆ. ನಡುವೆ ಸಂದು. ಸಣ್ಣ ಕಣಗಳನ್ನ ಅದರೊಳಗೆ ಬಿಟ್ರೆ ಅಯಸ್ಕಾಂತ ಅವನ್ನ ಗುಂಡಗೆ ತಿರುಗಿಸುತ್ತೆ. ಪ್ರತಿ ಸಲ ಸಂದು ದಾಟುವಾಗ ಕರೆಂ..."

ಠಣ್!

"...ವಿದ್ಯುತ್ತು ಹಿಂದಿನಿಂದ ಒಂದು ಸಲ ತಳ್ಳುತ್ತೆ. ರಶ್ಶಲ್ಲಿ..." ಠಣ್! "...ಜನಜಂಗುಳೀಲಿ ಪ್ರದಕ್ಷಿಣೆ ಹಾಕುವಾಗ ಹಿಂದಿನವರು ತಳ್ತಾರಲ್ಲ, ಹಾಗೆ. ತಳ್ಳಿದ ಹಾಗೆಲ್ಲ ವೇಗ ಜಾಸ್ತಿ, ವೇಗ ಜಾಸ್ತಿಯಾದ ಹಾಗೆಲ್ಲ ಸುತ್ತು ದೊಡ್ಡದು. ಕೊನೆಗೆ ಅಂಚಿಗೆ ಬಂದು, ಹೊರಗೆ ಹಾರಿ, ಒಂದು ವಿಶೇಷವಾದ ನೀರಿಗೆ ಬಡಿಯುತ್ತೆ. ಬಡಿದಾಗ ಅದರಲ್ಲಿ ಹೊಸ ವಸ್ತು ಹುಟ್ಟುತ್ತೆ. ಅದೇ ಫ್ಲೋರ..."

ಠಣ್! ಠಣ್!

"ಎರಡು ಯಾಕೆ ಮೇಷ್ಟ್ರೇ?"

"ಉದ್ದ ಪದ."

ಹೀಗೆ ಎಂಟು ಠಣ್ ಆಗುವ ಹೊತ್ತಿಗೆ ಇವರಿಗೆ ಹೆಸರು ಹೇಳುವ ಧೈರ್ಯವೇ ಹೋಗಿತ್ತು. ಎಲ್ಲಕ್ಕೂ "ಅದು", "ಅದನ್ನು", "ಅದರಿಂದ". "ಅದನ್ನ ಸಕ್ಕರೆಗೆ ಕಟ್ತಾರೆ. ಆ ರೋಗಕ್ಕೆ ಸಕ್ಕರೆ ಅಂದ್ರೆ ಪ್ರಾಣ. ಎಲ್ಲಿ ರೋಗ ಇದೆಯೋ ಅಲ್ಲಿ ಹೋಗಿ ಸಕ್ಕರೆ ಕೂತ್ಕೊಳ್ಳುತ್ತೆ, ಚಿತ್ರದಲ್ಲಿ ಹೊಳೆಯುತ್ತೆ." ಇಷ್ಟು ಹೇಳಿ ಒಂದು ಗುಟುಕು ನೀರು ಕುಡಿದು, ವಾರವೆಲ್ಲ ಕಾದಿಟ್ಟುಕೊಂಡಿದ್ದ ಪದವನ್ನು ಹೊರತೆಗೆದರು. ಯಾವುದರದು ಅಂತ ಹೇಳಲಿಲ್ಲ, ಹೇಳಿದರೆ ಗಂಟೆ.

"ಒಂದು ಸಲ ಚುಚ್ಚಿದ ಮೇಲೆ," ಅಂದರು ಕೈಯೆತ್ತಿ, "ಅರ್ಧಾಯುಷ್ಯ! ಒಂದು ಗಂಟೆ ಐವತ್ತು ನಿಮಿಷ! ಅಷ್ಟೇ!"

ಗಂಟೆ ಹೊಡೆಯಲಿಲ್ಲ. ಮೇಷ್ಟ್ರು ಮೆಚ್ಚಿ ತಲೆದೂಗಿದರು. ಸಭೆಯಲ್ಲಿ ಚಪ್ಪಾಳೆ. ಇವರು ಗೆದ್ದ ಮುಖ ಮಾಡಿಕೊಂಡು ಕೂತರು. ಶಾರದಮ್ಮ ಮಾತ್ರ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು, ಉಪ್ಪಿಟ್ಟೂ ತಿನ್ನದೆ, ಎದ್ದು ಹೋದರು.

ಸಂಜೆ ಶಾರದಮ್ಮನವರಿಂದ ನನಗೆ ಬುಲಾವ್ ಬಂತು. ಹೋದರೆ, ಊಟದ ಮೇಜಿನ ಮೇಲೆ ಸಾಲಾಗಿ ಸಾಮಾನು ಜೋಡಿಸಿಟ್ಟಿದ್ದಾರೆ. ಬಾಳಕದ ಮೆಣಸಿನಕಾಯಿ ಡಬ್ಬಿ, ಹೋಳಿಗೆ ಮಣೆ, ಬೆಳ್ಳಿ ಕುಂಕುಮದ ಬಟ್ಟಲು.

"ತಗೊಂಡು ಹೋಗು ವೈಜಯಂತಿ. ಬುಧವಾರದ ಮೇಲೆ ನನಗೇನಕ್ಕೆ ಬೇಕು?"

"ಇದೇನಮ್ಮಾ ಹೀಗೆ ಮಾತಾಡ್ತೀರಾ?"

"ನಿನ್ನ ಗಂಡನೇ ಹೇಳಿದನಲ್ಲ. ಚುಚ್ಚಿದ ಮೇಲೆ ಅರ್ಧಾಯುಷ್ಯ. ಅರವತ್ತೆಂಟು ಆಗಿದೆ, ಇರೋದೇ ಅರ್ಧ. ಅದ್ರಲ್ಲಿ ಉಳಿದಿದ್ದು ಒಂದು ಗಂಟೆ ಐವತ್ತು ನಿಮಿಷ. ಈ ಟ್ರಾಫಿಕ್ಕಲ್ಲಿ ಅಷ್ಟರೊಳಗೆ ಮನೆಗೆ ವಾಪಸ್ ಬರಕ್ಕೂ ಆಗಲ್ಲ ಕಣೇ. ನಾನು ಸ್ಕ್ಯಾನಿಗೆ ಹೋಗಲ್ಲ. ಸಾಯೋದಿದ್ರೆ ಮನೇಲೇ ಸಾಯ್ತೀನಿ, ಫ್ಯಾನ್ ಕೆಳಗೆ."

ಅದು ಔಷಧಿಯ ಮಾತಮ್ಮಾ ಅಂದೆ. ಕೇಳಲಿಲ್ಲ. "ನೀನು ಸಮಾಧಾನಕ್ಕೆ ಹೇಳ್ತೀಯಾ. ಅವನು ವಿಜ್ಞಾನಿ, ಅವನು ಸುಳ್ಳು ಹೇಳ್ತಾನಾ?" ಅಂದು, ಸಾಮಾನನ್ನೆಲ್ಲ ನನ್ನ ಕೈಗೇ ತುರುಕಿಬಿಟ್ಟರು.

ರಾತ್ರಿಯ ಅಡುಗೆಗೂ ಮುಂಚೆ ಧಾರಿಣಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. ನೋಯ್ಡಾದ ಆಫೀಸಿನಲ್ಲಿ ನಲವತ್ತು ಜನರನ್ನು ಆಳುವ ಹುಡುಗಿ, ಕಣ್ಣು ಕೆಂಪಗೆ ಊದಿತ್ತು. "ಅಂಕಲ್, ಆರು ತಿಂಗಳು ಅಮ್ಮನನ್ನ ಕೈ ಹಿಡ್ಕೊಂಡು ನಡೆಸಿದೀನಿ. ಒಂದು ಸಲಾನೂ ಹೆದರಿರಲಿಲ್ಲ. ಈ ಸ್ಕ್ಯಾನ್ ನೋಡದೆ ಡಾಕ್ಟ್ರು ಮುಂದೇನೂ ಹೇಳಲ್ಲ. ನೀವು ಒಂದೇ ಭಾಷಣದಲ್ಲಿ ಎಲ್ಲಾ ಹಾಳು ಮಾಡಿಬಿಟ್ರಿ."

ಇವರು ನಿಂತಲ್ಲೇ ಕುಗ್ಗಿಹೋದರು. ನನ್ನ ನಾಲಿಗೆಯ ತುದಿಯಲ್ಲಿ ಹದಿನಾಲ್ಕು ವರ್ಷದ ಬೈಗುಳವಿತ್ತು, ನುಂಗಿಕೊಂಡೆ.

ಇದು ಸಾಲದು ಅಂತ ಸೋಮವಾರ ಇನ್ನೊಂದು ಬೆಂಕಿ ಹತ್ತಿತು. ಮೇಷ್ಟ್ರು ಭಾಷಣದ ವರದಿಯನ್ನು ಅಚ್ಚಗನ್ನಡದಲ್ಲಿ ಬರೆದು, ಬಳಗದ ವಾಟ್ಸಾಪ್ ಗುಂಪಿಗೆ ಹಾಕುವ ಬದಲು ಸೊಸೈಟಿಯ ಗುಂಪಿಗೆ ಹಾಕಿದ್ದರು. ತ್ಯಾಗಿಯವರ ಫೋನು ಅದನ್ನು ತಾನಾಗಿಯೇ ಹಿಂದಿಗೆ ತಿರುಗಿಸಿತು. ಜಗನ್ನಾಥರ ಯಂತ್ರದಿಂದ ಎರಡು ಗಂಟೆಯೊಳಗೆ ಮನುಷ್ಯನ ಆಯುಷ್ಯ ಅರ್ಧ, ಅಂತ ಬಂತು.

ಆಹಾ, ಆಮೇಲಿನ ಎರಡು ದಿನ! ಇವರು ಹತ್ತಿದ ಲಿಫ್ಟಿನಿಂದ ಜನ ಇಳಿದು ಹನ್ನೊಂದು ಮಹಡಿ ಮೆಟ್ಟಿಲು ಹತ್ತಿದರು. ಕೆಲಸದವಳು ಇವರ ಬಟ್ಟೆ ಒಗೆಯಲು ಒಲ್ಲದೆ ಬಾಗಿಲಲ್ಲೇ ನಿಂತು, "ಭಾಭೀಜೀ, ಭಯ್ಯಾ ಕೇ ಕಪಡೇ ಮೈ ನಹೀ ಧೋವೂಂಗಿ" ಅಂದಳು. ಗೇಟಿನಲ್ಲಿ ತ್ಯಾಗಿಯವರು ಎಲೆಕ್ಟ್ರಿಷಿಯನ್ನಿನ ಟೆಸ್ಟರ್ ತಂದು ಇವರ ಟಿಫಿನ್ ಡಬ್ಬಿಗೆ ಮುಟ್ಟಿಸಿದರು, ಆಮೇಲೆ ಹಣೆಗೂ ಮುಟ್ಟಿಸಿದರು. ಲೈಟು ಹತ್ತಲಿಲ್ಲ. "ಅಭೀ ಬಂದ್ ಹೈ" ಅಂತ ಗಂಭೀರವಾಗಿ ಘೋಷಿಸಿ ಒಳಗೆ ಬಿಟ್ಟರು. ಒಂದೇ ಒಂದು ಲಾಭವಾಯಿತು. ಸೈಕಲ್ ಹಿಡಿದುಕೊಂಡು ಯಾರೂ ಬರಲಿಲ್ಲ.

ಮಂಗಳವಾರ ಸಂಜೆ ಇವರು, "ವೈಜೂ, ಹೋಳಿಗೆ ಇದೆಯಾ?" ಅಂದರು.

"ಈಗ ಹೋಳಿಗೆ ತಿನ್ನೋ ಹೊತ್ತೇನ್ರೀ ಇದು?"

"ಒಂದು ಕೊಡೇ. ಚಾಕೂನೂ ಕೊಡು."

ಹೋಳಿಗೆ, ಚಾಕು, ಕೃತಿ, ನಾನು, ಹೀಗೆ ನಾಲ್ವರನ್ನೂ ಕರೆದುಕೊಂಡು ಒಂಬತ್ತನೇ ಮಹಡಿಗೆ ಇಳಿದರು. ಶಾರದಮ್ಮ ಚಾಕು ನೋಡಿ, "ಇದೇನಪ್ಪಾ, ಸ್ಕ್ಯಾನಿನ ತನಕ ಕಾಯಕ್ಕೂ ಆಗಲ್ವಾ ನಿನಗೆ?" ಅಂದರು.

"ಅಮ್ಮಾ, ಸ್ವಲ್ಪ ನೋಡಿ." ಇವರು ಹೋಳಿಗೆಯನ್ನು ತಟ್ಟೆಯ ಮೇಲಿಟ್ಟರು. "ಇದು ಔಷಧಿ. ಅರ್ಧಾಯುಷ್ಯ ಇದರದ್ದು, ನಿಮ್ಮದಲ್ಲ. ಒಂದು ಗಂಟೆ ಐವತ್ತು ನಿಮಿಷ ಆಯ್ತು ಅಂದ್ಕೊಳ್ಳಿ." ಕತ್ತರಿಸಿದರು. ಅರ್ಧ ಕೃತಿಯ ಬಾಯಿಗೆ. "ಉಳಿದಿದ್ದು ಅರ್ಧ. ಇನ್ನೊಂದು ಸಲ ಅಷ್ಟೇ ಹೊತ್ತಾಯ್ತು. ಪೂರ್ತಿ ಮುಗಿಯುತ್ತಾ? ಇಲ್ಲ. ಉಳಿದಿದ್ರಲ್ಲಿ ಅರ್ಧ." ಮತ್ತೆ ಕತ್ತರಿಸಿದರು, ಮತ್ತೆ ಕೃತಿ. "ಇನ್ನೊಂದು ಸಲ. ಅದರಲ್ಲಿ ಅರ್ಧ."

ಕತ್ತರಿಸಿ ಕತ್ತರಿಸಿ ಕೊನೆಗೆ ತಟ್ಟೆಯಲ್ಲಿ ಹೂರಣದ ಒಂದು ಕಾಳು ಉಳಿಯಿತು. ಶಾರದಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದರು.

"ಇನ್ನೂ ಇದೆಯಲ್ಲೋ!"

"ಇದೆ."

"ಇದನ್ನೂ ಅರ್ಧ ಮಾಡಿದ್ರೆ?"

"ಆಗ್ಲೂ ಅರ್ಧ ಇರುತ್ತೆ."

"ಅಯ್ಯೋ ಶಿವನೇ, ಮುಗಿಯೋದೇ ಇಲ್ವಲ್ಲೋ ಇದು!"

"ಹೆಚ್ಚು ಕಡಿಮೆ ಹಾಗೇ ಅಮ್ಮಾ. ಆದ್ರೆ ಮಾರನೇ ದಿನದ ಹೊತ್ತಿಗೆ ಯಾರಿಗೂ ಏನೂ ಮಾಡದಷ್ಟು ಕಮ್ಮಿ ಆಗಿರುತ್ತೆ. ಅದಕ್ಕೇ ಬೇಗ ಬೇಗ ತಂದು ಚುಚ್ಚೋದು. ಆಯುಷ್ಯ ಓಡ್ತಿರೋದು ಅದಕ್ಕೆ, ನಿಮಗಲ್ಲ."

ಶಾರದಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ತಲೆಯೆತ್ತಿ, "ನೀನೇ ತಯಾರು ಮಾಡ್ತೀಯಾ ಇದನ್ನ?" ಅಂತ ಕೇಳಿದರು.

ಧಾರಿಣಿ ನೋಡಿದಳು. ನಾನು ನೋಡಿದೆ. ಇವರು ಕನ್ನಡಕ ತೆಗೆದರು, ಒರೆಸಿದರು. ಬಂತಪ್ಪಾ ಸೈಕ್ಲೋಟ್ರಾನ್ ಅಂದುಕೊಂಡೆ.

"ಇಲ್ಲಮ್ಮಾ," ಅಂದರು. "ನಾನು ವಿಜ್ಞಾನಿ ಅಲ್ಲ. ಆ ಯಂತ್ರಾನ ನಾನು ನೋಡೇ ಇಲ್ಲ. ನಾನು ಡಬ್ಬಿ ಮೇಲೆ ಚೀಟಿ ಅಂಟಿಸೋನು."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಆ ಬಾಯಿಂದ ಈ ಮಾತು ಕೇಳಿದ್ದು. ನನಗೆ ಅಳು ಬಂದುಬಿಟ್ಟಿತು, ನಿಜವಾಗಿ ಹೇಳುತ್ತೇನೆ.

"ಚೀಟಿ ಸರಿಯಾಗಿ ಅಂಟಿಸ್ತೀಯಾ?"

"ಇವತ್ತಿನ ತನಕ ಒಂದೂ ತಪ್ಪಿಲ್ಲ ಅಮ್ಮಾ. ತಪ್ಪಿದ್ರೆ ಒಬ್ಬರಿಗೆ ಹೋಗೋದು ಇನ್ನೊಬ್ಬರಿಗೆ ಹೋಗುತ್ತೆ."

"ಹಾಗಾದ್ರೆ ಬರ್ತೀನಿ," ಅಂದರು ಶಾರದಮ್ಮ. "ಆದ್ರೆ ನನ್ನ ಚೀಟಿ ನೀನೇ ಅಂಟಿಸಬೇಕು. ಅಂಟಿಸಿಬಿಟ್ಟು, ನೀನೇ ಬಂದು ನನ್ನ ಕರ್ಕೊಂಡು ಹೋಗಬೇಕು."

ಬುಧವಾರ ಬೆಳಗಿನ ಜಾವವೇ ಇವರು ಕೆಲಸಕ್ಕೆ ಹೋದರು. ಒಂಬತ್ತು ಗಂಟೆಗೆ ಮೆಟ್ರೋ, ಆಟೋ ಎಲ್ಲಾ ಹಿಡಿದು ಏದುಸಿರು ಬಿಡುತ್ತಾ ವಾಪಸ್ ಬಂದರು. "ಅಂಟಿಸಿದೆ! ವ್ಯಾನು ಎಂಟಕ್ಕೇ ಹೊರಟಿದೆ. ಚುಚ್ಚೋದು ಒಂಬತ್ತೂ ಮುಕ್ಕಾಲಿಗೆ. ತಡ ಆದ್ರೆ ಔಷಧಿ ಶಕ್ತಿ ಸಾಲಲ್ಲ, ಮತ್ತೆ ಮುಂದಿನ ವಾರ." ಮುಂದಿನ ವಾರ ಅಂದರೆ ಶಾರದಮ್ಮ ಮನಸ್ಸು ಬದಲಾಯಿಸುತ್ತಾರೆ ಅಂತ ನಮಗೆಲ್ಲ ಗೊತ್ತಿತ್ತು. ಆಸ್ಪತ್ರೆ ಎರಡೇ ಕಿಲೋಮೀಟರ್. ಧಾರಿಣಿಯ ಕಾರಿನಲ್ಲಿ ಎಲ್ಲರೂ ಕೂತು ಗೇಟಿಗೆ ಬಂದೆವು.

ಗೇಟು ಮುಚ್ಚಿತ್ತು. ಅಡ್ಡಲಾಗಿ ತ್ಯಾಗಿಯವರ ಕಾರು. ಅದರ ಮುಂದೆ ತ್ಯಾಗಿಯವರು, ಕೈಯಲ್ಲಿ ಟೆಸ್ಟರ್. ಹಿಂದೆ ಮೂವತ್ತು ಜನ, ಕೈಯಲ್ಲಿ "ಸೈಕ್ಲೋಟ್ರಾನ್ ಹಟಾವೋ" ಅಂತ ಬರೆದ ರಟ್ಟು.

"ಜಗನ್ನಾಥ್ ಜೀ! ಜಬ್ ತಕ್ ಜಾಂಚ್ ನಹೀ ಹೋಗೀ, ಕೋಯೀ ನಹೀ ಜಾಯೇಗಾ!"

ತಪಾಸಣೆ ಆಗದೆ ಯಾರೂ ಹೋಗುವಂತಿಲ್ಲವಂತೆ. ಇವರು ಹಿಂದಿಯಲ್ಲಿ ಶುರುಮಾಡಿದರು. ಹಾಫ್ ಲೈಫ್ ಅಂದರು. ಆಧೀ ಅಂದರು. ಜನ ಇನ್ನೂ ಹಿಂದೆ ಸರಿದರು. ಒಂಬತ್ತೂ ಹದಿನೈದು. ಧಾರಿಣಿ ಸ್ಟೇರಿಂಗ್ ಮೇಲೆ ತಲೆಯಿಟ್ಟಳು.

ಆಗ ಹಿಂದಿನ ಬಾಗಿಲು ತೆಗೆದು ಶಾರದಮ್ಮ ಇಳಿದರು. ಉಣ್ಣೆ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಬೆರಳುದ್ದದ ಬಿಳಿ ಕೂದಲು ಬಿಸಿಲಿನಲ್ಲಿ ನಿಮಿರಿ ನಿಂತಿತ್ತು. ಇಪ್ಪತ್ತು ವರ್ಷದಿಂದ ತರಕಾರಿಯವನ ಜೊತೆ ಮಾತ್ರ ಆಡಿದ ಹಿಂದಿ ಅವರದು.

"ತ್ಯಾಗಿಜೀ! ಹಮಾರಾ ಆಧಾ ಉಮ್ರ್ ಹೋಗಯಾ! ಬಾಕೀ ಆಧಾ ಲೇನೇ ಕೋ ಜಾತಾ ಹೈ! ತುಮ್ ಬೀಚ್ ಮೇ ಖಡಾ ಹೈ ಕ್ಯಾ? ಹಟೋ, ಭಯ್ಯಾ! ನಹೀ ತೋ ತುಮ್ಹಾರಾ ಆಧಾ ಮೈ ಲೇಗಾ!"

ಗಂಡೋ ಹೆಣ್ಣೋ ಏನೂ ಸರಿಯಿಲ್ಲದ ಆ ಹಿಂದಿ ಮೂವತ್ತು ಜನಕ್ಕೂ ಚೆನ್ನಾಗಿ ಅರ್ಥವಾಯಿತು: ನನ್ನ ಅರ್ಧ ಆಯುಷ್ಯ ಆಯಿತು, ಉಳಿದರ್ಧ ತರಲು ಹೊರಟಿದ್ದೇನೆ, ಅಡ್ಡ ನಿಂತರೆ ನಿನ್ನ ಅರ್ಧ ನಾನು ತೆಗೆದುಕೊಳ್ಳುತ್ತೇನೆ. ತ್ಯಾಗಿಯವರ ಮೀಸೆ ಇಳಿಯಿತು. ಅವರು ಆ ಕೂದಲನ್ನು ನೋಡಿದರು, ಟೋಪಿಯನ್ನು ನೋಡಿದರು. "ಮಾತಾಜೀ, ಆಪ್ ಕೇ ಲಿಯೇ ಥಾ ಯೇ ಸಬ್?" ಅಂದರು ಮೆಲ್ಲಗೆ, ಇದೆಲ್ಲ ನಿಮಗಾಗಿಯೇ ಇತ್ತಾ ಅನ್ನುವ ಹಾಗೆ. ಟೆಸ್ಟರನ್ನು ಜೇಬಿಗಿಟ್ಟರು. ಆಮೇಲೆ ಆ ದೊಡ್ಡ ಗಂಟಲು ತೆರೆಯಿತು: "ಅರೇ, ಗೇಟ್ ಖೋಲೋ!"

ಗೇಟು ತೆಗೆದರು. ತೆಗೆದು ಏನು ಪ್ರಯೋಜನ? ಕಾಲು ಗಂಟೆಯಿಂದ ಮುಚ್ಚಿದ ಗೇಟಿನ ಹೊರಗೆ ಶಾಲೆ ಬಸ್ಸು, ನೀರಿನ ಟ್ಯಾಂಕರು, ಆಫೀಸಿನ ಕಾರು, ಇ-ರಿಕ್ಷಾ ಎಲ್ಲಾ ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು. ಕಾರು ಇರಲಿ, ಗಾಳಿ ತೂರಲೂ ಜಾಗವಿಲ್ಲ. ಒಂಬತ್ತೂ ಇಪ್ಪತ್ತು.

"ನಡ್ಕೊಂಡೇ ಹೋಗೋಣ," ಅಂದಳು ಧಾರಿಣಿ.

"ನಡೆಯಂಗಿಲ್ಲ!" ಇವರು ಕಿರುಚಿದರು. ಚೀಟಿಯ ಹಿಂದಿನ ಸೂಚನೆಗಳೆಲ್ಲ ಬಾಯಿಪಾಠ. "ಆಯಾಸ ಮಾಡ್ಕೊಂಡ್ರೆ ಸಕ್ಕರೆಯೆಲ್ಲ ಕಾಲಿಗೇ ಹೋಗಿ ಕೂರುತ್ತೆ, ಚಿತ್ರ ಕೆಡುತ್ತೆ!"

ಹಾಗಂದವರು ಸುತ್ತ ನೋಡಿದರು. ಗೇಟಿನ ಪಕ್ಕದಲ್ಲಿ ನಮ್ಮ ಪಾರ್ಕಿಂಗು. ಅಲ್ಲಿ ತ್ಯಾಗಿಯವರ ತಂದೆಯ ಕಪ್ಪು ಸೈಕಲ್ಲು. ಗಾಳಿ ತುಂಬಿದ್ದು, ಚೈನಿಗೆ ಎಣ್ಣೆ ಬಿಟ್ಟಿದ್ದು, ಮಂಚದಂಥ ಕ್ಯಾರಿಯರ್ ಇದ್ದದ್ದು.

ಮುಂದಿನದನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಕ್ಯಾರಿಯರಿನ ಮೇಲೆ ತ್ಯಾಗಿಯವರ ಕಾರಿನ ದಿಂಬು, ದಿಂಬಿನ ಮೇಲೆ ಶಾರದಮ್ಮ, ಅವರ ಎರಡು ಕೈಯೂ ನಮ್ಮನೆಯವರ ಸೊಂಟಕ್ಕೆ. ಇವರಿಗೆ ಐವತ್ತೆರಡು ವಯಸ್ಸು, ಹೊಟ್ಟೆ ಬೇರೆ. ಪೆಡಲು ತುಳಿದರೆ ಸೈಕಲ್ ಅಲುಗಾಡಲಿಲ್ಲ.

"ಧಕ್ಕಾ ಮಾರೋ!" ಅಂತ ಕೂಗಿ ತ್ಯಾಗಿಯವರೇ ಹಿಂದಿನಿಂದ ತಳ್ಳಿದರು. ಸೈಕಲ್ ಹೊರಟಿತು. ಬಸ್ಸಿನ ಸಂದಿನಲ್ಲಿ ತೂರಿತು. ಮೊದಲ ಹಂಪ್ ಹತ್ತಿರ ನಿಧಾನವಾಯಿತು, ಅಲ್ಲಿ ರಟ್ಟು ಹಿಡಿದಿದ್ದವರು ರಟ್ಟು ಬಿಸಾಕಿ ತಳ್ಳಿದರು. ಟ್ಯಾಂಕರಿನ ಹತ್ತಿರ ಟ್ಯಾಂಕರಿನವನು ಇಳಿದು ತಳ್ಳಿದ. ಸರ್ಕಲ್ ಸುತ್ತುವಾಗ ಬಸವರಾಜ ಮೇಷ್ಟ್ರು, ವಾಕಿಂಗ್ ಹೊರಟವರು, ಪಂಚೆ ಎತ್ತಿ ಕಟ್ಟಿ, "ಪುಶ್! ಪುಶ್!" ಅಂತ ಅಚ್ಚ ಇಂಗ್ಲಿಷಿನಲ್ಲಿ ಕೂಗುತ್ತಾ ತಳ್ಳಿದರು. ಗಂಟೆ ಹೊಡೆಯಲು ಯಾರೂ ಇರಲಿಲ್ಲ. ತಳ್ಳಿದ ಹಾಗೆಲ್ಲ ವೇಗ ಜಾಸ್ತಿ. ನಾನೂ ಧಾರಿಣಿಯೂ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದೆವು. ಹದಿನಾಲ್ಕು ವರ್ಷ ಇವರು ಹೇಳಿದರೂ ಅರ್ಥವಾಗದ ಯಂತ್ರ ನನಗೆ ಆ ಎರಡು ಕಿಲೋಮೀಟರಿನಲ್ಲಿ ಅರ್ಥವಾಯಿತು.

"ಮೈನೇ ಬೋಲಾ ಥಾ ನಾ! ಸೈಕಲ್ ವಾಲೇ ಹೈಂ!" ಅಂತ ತ್ಯಾಗಿಯವರು ಹಿಂದಿನಿಂದ ಕೂಗುತ್ತಿದ್ದದ್ದು ಆಸ್ಪತ್ರೆಯ ತನಕ ಕೇಳುತ್ತಿತ್ತು.

ಒಂಬತ್ತೂ ನಲವತ್ತೊಂದಕ್ಕೆ ಸೈಕಲ್ ಆಸ್ಪತ್ರೆಯ ಮೆಟ್ಟಿಲಿಗೆ ತಾಗಿ ನಿಂತಿತು. ವ್ಯಾನು ಆಗಲೇ ಬಂದು ಹೋಗಿತ್ತು. ಒಳಗೆ ಕರೆದುಕೊಂಡು ಹೋಗುವ ಮುಂಚೆ ಶಾರದಮ್ಮ ಸಿಸ್ಟರಿಗೆ, "ಪೆಹಲೇ ಚೀಟಿ ದಿಖಾವೋ" ಅಂದರು. ಡಬ್ಬಿಯ ಜೊತೆ ಬಂದ ಹಾಳೆಯನ್ನು ಆಕೆ ದೂರದಿಂದ ತೋರಿಸಿದಳು. ಕೆಳಗೆ ನಮ್ಮನೆಯವರ ಸಹಿ.

"ಅಕ್ಷರ ದುಂಡಗಿದೆ," ಅಂದು ಶಾರದಮ್ಮ ಒಳಗೆ ಹೋದರು. ಇವರು ಹೊರಗಿನ ಬೆಂಚಿನ ಮೇಲೆ ಕುಸಿದು ಕೂತರು. ಯಾರೋ ಸೆಕ್ಯೂರಿಟಿಯವರು ಬಂದು "ಆಪ್ ಕ್ಯಾ ಕರ್ತೇ ಹೈಂ?" ಅಂತ ಕೇಳಿದರು. "ಚೀಟಿ ಅಂಟಿಸ್ತೀನಿ" ಅಂದರು ಇವರು, ಕನ್ನಡದಲ್ಲೇ, ಕನ್ನಡಕ ತೆಗೆಯದೆ.

ಶುಕ್ರವಾರ ಮಧ್ಯಾಹ್ನ ಧಾರಿಣಿ ಲಿಫ್ಟಿಗೂ ಕಾಯದೆ ಎರಡು ಮಹಡಿ ಮೆಟ್ಟಿಲು ಹತ್ತಿ ಓಡಿಬಂದಳು. ಕೈಯಲ್ಲಿ ರಿಪೋರ್ಟು. "ಏನೂ ಇಲ್ಲ ಆಂಟಿ! ಎಲ್ಲೂ ಇಲ್ಲ! ಕ್ಲೀನ್!" ಅಂತ ನನ್ನ ಕುತ್ತಿಗೆಗೆ ಜೋತುಬಿದ್ದಳು. ಇಬ್ಬರೂ ಅತ್ತೆವು, ನಕ್ಕೆವು, ಮತ್ತೆ ಅತ್ತೆವು. ಕುಂಕುಮದ ಬಟ್ಟಲು, ಹೋಳಿಗೆ ಮಣೆ ಎಲ್ಲಾ ವಾಪಸ್ ಕೊಟ್ಟೆ. ಬಾಳಕದ ಡಬ್ಬಿ ಕೊಡಲಿಲ್ಲ, ಅದರಲ್ಲಿ ಅರ್ಧ ಖಾಲಿಯಾಗಿತ್ತು.

ಮುಂದಿನ ತಿಂಗಳು ತ್ಯಾಗಿಯವರ ಮೊಮ್ಮಗನ ನಾಮಕರಣ. ಅಷ್ಟರಲ್ಲಿ ಕೃತಿ ಹೋಳಿಗೆ ಕತ್ತರಿಸಿದ ಕತೆಯನ್ನು ಸೊಸೈಟಿಗೆಲ್ಲ ಹೇಳಿ ಮುಗಿಸಿದ್ದಳು. ಇಡೀ ಸೊಸೈಟಿಗೆ ಪೂರಿ, ಹಲ್ವಾ. ಮುಂದಿನ ಸಾಲಿನಲ್ಲಿ ನಮ್ಮನೆಯವರಿಗೆ ಕುರ್ಚಿ, ಪಕ್ಕದಲ್ಲಿ ಆ ಕಪ್ಪು ಸೈಕಲ್ಲಿಗೂ ಒಂದು ಹಾರ. ಹಿರಿಯರು ಮಗುವಿಗೆ ಆಶೀರ್ವಾದ ಮಾಡಬೇಕು ಅಂತ ತ್ಯಾಗಿಯವರು ಮೊದಲು ಶಾರದಮ್ಮನವರನ್ನೇ ಕರೆದರು.

ಶಾರದಮ್ಮ ಮಗುವಿನ ತಲೆಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಅರ್ಧಾಯುಷ್ಮಾನ್ ಭವ!"

ಇದಕ್ಕೆ ಅನುವಾದ ಬೇಕಿರಲಿಲ್ಲ. ಆಯುಷ್ಮಾನ್ ಭವ ಅಂದರೇನು ಅಂತ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಮಗುವಿನ ಅಜ್ಜಿ "ಹಾಯ್ ರಾಮ್!" ಅಂತ ಎದೆ ಹಿಡಿದುಕೊಂಡರು. ಪುರೋಹಿತರ ಕೈಯಿಂದ ಅಕ್ಷತೆ ಬಿತ್ತು. ನಮ್ಮನೆಯವರು ಬಿಳಿಚಿಕೊಂಡು ಎದ್ದು ನಿಂತರು.

"ಜಗನ್ನಾಥ್ ಜೀ, ಆಪ್ ಬೈಠಿಯೇ!" ಅಂದರು ತ್ಯಾಗಿ. ಅಡುಗೆಯವರ ಕಡೆ ಓಡಿ ಒಂದು ಪೂರಿ, ಒಂದು ಚಾಕು ತಂದರು. ಎಲ್ಲರ ಮುಂದೆ ಎತ್ತಿ ಹಿಡಿದು, ಕತ್ತರಿಸಿ, ಅರ್ಧ ತಿಂದರು. ಉಳಿದದ್ದನ್ನು ಕತ್ತರಿಸಿ, ಮತ್ತೆ ಅರ್ಧ ತಿಂದರು. ಇನ್ನೂರು ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೊನೆಗೆ ಉಗುರಿನಷ್ಟು ಚೂರನ್ನು ಬೆರಳ ತುದಿಯಲ್ಲಿ ಎತ್ತಿ, ಆ ದೊಡ್ಡ ಗಂಟಲಿನಲ್ಲಿ ಕೂಗಿದರು: "ದೇಖಾ? ಖತಮ್ ಹುವಾ? ನಹೀ ಹುವಾ! ಕಭೀ ನಹೀ ಹೋಗಾ!"

ಎಂದಿಗೂ ಮುಗಿಯುವುದೇ ಇಲ್ಲವಂತೆ! ಚಪ್ಪಾಳೆಗೆ ಶಾಮಿಯಾನ ಅಲುಗಾಡಿತು. ಅಜ್ಜಿ ಬಂದು ಶಾರದಮ್ಮನವರ ಕಾಲು ಮುಟ್ಟಿ, ನನಗೂ ಅದೇ ಆಶೀರ್ವಾದ ಮಾಡಿ ಅಂದರು. ಅವರ ಹಿಂದೆ ಸಾಲು ನಿಂತಿತು. ಶಾರದಮ್ಮ ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟು, ನಡುವೆ ಒಂದು ಸಲ ತಮ್ಮ ತಲೆಯನ್ನೂ ಸವರಿಕೊಂಡರು. ಕೂದಲು ಈಗ ಕಿವಿಯ ತನಕ ಬಂದಿತ್ತು.

ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ಇನ್ನೂ ಇದೆ ಕಣೇ," ಅಂದರು.